ಕಾಲು ಮುಂದಾಗಿ ಹುಟ್ಟಿದವಳು

೨ ಜೂನ್ ೨೦೨೪, ಭಾನುವಾರ

ಈ ಡೈರಿ ನನ್ನದಲ್ಲ. ಯಾವುದೋ ಶಾಲೆಯವರು ಕ್ರೀಡಾಕೂಟಕ್ಕೆ ನಯನಾಳನ್ನು ಮುಖ್ಯ ಅತಿಥಿಯಾಗಿ ಕರೆದು ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ಇದನ್ನು ಕೊಟ್ಟಿದ್ದರು. ಹಣ್ಣು ನಾನು ತಿಂದೆ. ಶಾಲು ಅಕ್ಕ ಹೊದ್ದಳು. ಡೈರಿ ಐದು ತಿಂಗಳಿಂದ ಅಕ್ಕಿ ಡ್ರಮ್ಮಿನ ಮೇಲೆ ಬಿದ್ದಿತ್ತು. ಇವತ್ತು ನಯನಾ ಅದನ್ನು ನನ್ನ ಮಡಿಲಿಗೆ ಎಸೆದು, "ತಗೋ ಮಾವ, ನಮ್ ತಲೆ ತಿನ್ನೋ ಬದ್ಲು ಇದುಕ್ಕೆ ಪುಂಗು" ಎಂದಳು.

ನಾನು ಪುಂಗುವವನಂತೆ! ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹೆಸರು ಮರಿಯಯ್ಯ. ವಯಸ್ಸು ಅರವತ್ತೊಂದು, ನೋಡಿದವರು ಐವತ್ತು ಅನ್ನುತ್ತಾರೆ. ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿ. ಆ ಕಾಲದ ಏಳು ಎಂದರೆ ಈಗಿನ ಬಿ.ಎ. ನನ್ನ ಕಾಪಿ ಬರವಣಿಗೆಯನ್ನು ಇನ್ಸ್‌ಪೆಕ್ಟರಿಗೆ ತೋರಿಸಲೆಂದೇ ಮೇಷ್ಟ್ರು ಆ ಪುಸ್ತಕವನ್ನು ಮೂರು ವರ್ಷ ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ಹೂಟಗಳ್ಳಿಯ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತೆರಡು ವರ್ಷ. ಮುನ್ನೂರು ಜನಕ್ಕೆ ಒಬ್ಬನೇ ಮುದ್ದೆ ತೊಳಸಿದ ಕೈ ಇದು. ಈಗ ಅಕ್ಕ ಪುಟ್ಟಲಿಂಗಮ್ಮನ ಮನೆಯ ಹಿಂದಿನ ರೂಮಿನಲ್ಲಿದ್ದೇನೆ. ಅಕ್ಕ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಭಾವ ಹೋಗಿ ಹನ್ನೊಂದು ವರ್ಷ. ನಯನಾ ಅವರ ಒಬ್ಬಳೇ ಮಗಳು, ಇಪ್ಪತ್ತಾರು ವರ್ಷ, ಫುಟ್‌ಬಾಲ್ ಆಡುತ್ತಾಳೆ.

ಅವಳನ್ನು ತಯಾರು ಮಾಡಿದವನು ನಾನು. ನಯನಾ ಹುಟ್ಟುವಾಗ ಕಾಲು ಮುಂದಾಗಿ ಬಂದಳು. ಹಾಗೆ ಹುಟ್ಟಿದವರು ಎಡಗಾಲಿನಲ್ಲಿ ಮೂರು ಸಲ ಒದ್ದರೆ ಎಂಥ ಸೊಂಟದ ಹಿಡಿತವೂ ಬಿಡುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಒದೆಯುವವರು, ಒದೆಸಿಕೊಳ್ಳುವವರು, ಇಬ್ಬರೂ ಆಗ ಬಾಯಿ ಬಿಡಬಾರದು. ಅವಳಿಗೆ ನಾಲ್ಕು ತುಂಬುವ ಮೊದಲೇ ಕಾರ್ಖಾನೆಯಲ್ಲೆಲ್ಲ ಈ ಸುದ್ದಿ ಹಬ್ಬಿಸಿದೆ. ಭಾನುವಾರ ಬಂತೆಂದರೆ ಫಿಟ್ಟರುಗಳು, ಲೋಡರುಗಳು, ಒಂದು ಸಲ ಸೂಪರ್‌ವೈಸರೇ ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿಯುತ್ತಿದ್ದೆ, ಅವಳು ಟಪ್, ಟಪ್, ಟಪ್. ಒಂದು ಚಿಪ್ಪು ಬಾಳೆಹಣ್ಣು ನನಗೆ, ಒಂದು ಚಾಕೊಲೇಟು ಅವಳಿಗೆ. ಅಷ್ಟು ಬೆನ್ನು ಒದ್ದ ಕಾಲು ಚೆಂಡು ಒದೆಯದೆ ಇರುತ್ತದೆಯೇ?

ಒಂದೇ ಬೇಜಾರು. ಅವಳು ಆಡುವುದು ಹಿಂದೆ. ಸ್ಟಾಪರ್ ಅನ್ನುತ್ತಾರೆ, ನಮ್ಮ ಗೋಲಿನ ಮುಂದೆ ಕಾವಲು ನಿಲ್ಲುವ ಕೆಲಸ. ಹನ್ನೆರಡು ವರ್ಷದಲ್ಲಿ ಹೊಡೆದದ್ದು ನಾಲ್ಕು ಗೋಲು. ಟೀ ಅಂಗಡಿಯಲ್ಲಿ ಏನೆಂದು ಹೇಳಲಿ? "ಅವ್ರು ಹೊಡೀದಿದ್ರೆ ಅದೇ ನನ್ ಗೋಲು ಮಾವ" ಅನ್ನುತ್ತಾಳೆ. ಇದು ಸೋಮಾರಿಗಳ ಲೆಕ್ಕ. ನಾನು ನಲವತ್ತು ಎಂದು ಹೇಳಿಟ್ಟಿದ್ದೇನೆ.

ಇಂಡಿಯಾ ಟೀಮಿನ ಕ್ಯಾಂಪಿಗೆ ಎರಡು ಸಲ ಹೋಗಿ ಎರಡು ಸಲವೂ ಕೊನೆಯ ಪಟ್ಟಿಯಲ್ಲಿ ಬಿಟ್ಟುಹೋದಳು. ಮೂರನೆಯ ಆಯ್ಕೆ ಇದೇ ಹದಿನಾಲ್ಕಕ್ಕೆ, ಬೆಂಗಳೂರಿನಲ್ಲಿ. ಇಪ್ಪತ್ತೇಳು ದಾಟಿದರೆ ಹೊಸಬರನ್ನು ನೋಡುತ್ತಾರಂತೆ. ಈ ಸಲ ನೀಲಿ ಅಂಗಿ ಬರಲೇಬೇಕು.

೬ ಜೂನ್, ಗುರುವಾರ

ಇವತ್ತು ನನ್ನ ಕೈಗೆ ಹಾರ ಹಾಕಬೇಕು.

ಬೋಗಾದಿಯ ಮೈದಾನದಲ್ಲಿ ಅಭ್ಯಾಸ ಮಾಡುವಾಗ ಯಾರೋ ನಯನಾಳ ಬಲಗಾಲಿನ ಮೇಲೆ ಬಿದ್ದರು. ಜೊತೆಯಲ್ಲಿ ಆಡುವ ದಿವ್ಯ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಳು. ಮೊಣಕಾಲು ಎಳನೀರಿನ ಹಾಗೆ ಊದಿತ್ತು.

"ಸ್ಕ್ಯಾನ್ ಮಾಡಿಸ್ಬೇಕು ಅಂಕಲ್, ಈಗ್ಲೇ" ಎಂದಳು ದಿವ್ಯ.

"ಸ್ಕ್ಯಾನ್ ಅಂದ್ರೆ ಕಾಗದ. ಕಾಗದ ಅಂದ್ರೆ ನಾಳಿದ್ದು ಕ್ಯಾಂಪಿನೋರ ಕೈಗೆ ಸಿಗ್ತದೆ. ಎಂಟು ದಿನ ಅದೆ ಅಷ್ಟೇ. ಉಳುಕು ಕಣಮ್ಮ ಇದು, ಬರೀ ಉಳುಕು" ಎಂದೆ.

ಉಳುಕು ತೆಗೆಯುವುದು ನನ್ನ ಅಜ್ಜಿಯಿಂದ ಬಂದ ವಿದ್ಯೆ. ಹರಳೆಣ್ಣೆ ಬೆಚ್ಚಗೆ ಮಾಡಿ ಮೇಲಿಂದ ಕೆಳಕ್ಕೆ ನೀವಿ, ಹಿಮ್ಮಡಿ ಹಿಡಿದು, ಮಾತಾಡಿಸುತ್ತಾ ಮಾತಾಡಿಸುತ್ತಾ ಒಂದೇ ಸಲ ಎಳೆಯಬೇಕು. ಎಳೆದೆ. ಟಕ್ ಎಂದಿತು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಇಂದ್ರಮ್ಮನಿಗೂ ಕೇಳಿಸಿತು.

ನಯನಾ ಕೂಗಲಿಲ್ಲ. ದುಪಟ್ಟಾ ಕಚ್ಚಿಕೊಂಡಿದ್ದಳು. "ಹೋಯ್ತಾ?" ಎಂದೆ. ನನ್ನನ್ನೇ ಒಂದು ಗಳಿಗೆ ನೋಡಿದಳು. "ಹೋಯ್ತು ಮಾವ" ಎಂದಳು.

ಇಂದ್ರಮ್ಮ, "ನಿಮ್ ಕೈ ಬಂಗಾರದ್ದು ಮರಿಯಯ್ಯನೋರೆ" ಎಂದರು. ಇದನ್ನು ನಾನೇ ಹೇಳಿಕೊಂಡದ್ದಲ್ಲ, ಅವರೇ ಹೇಳಿದ್ದು.

೧೦ ಜೂನ್, ಸೋಮವಾರ

ಲಕ್ಕಿ ಸೊಪ್ಪಿನ ಶಾಖ ಕೊಟ್ಟು ಊತ ಇಳಿಸಿದ್ದೇನೆ. ಇವತ್ತು ಬೀದಿಯ ತುದಿಯವರೆಗೆ ಓಡಿ ಬಂದಳು. ಬಂದು ಗೋಡೆ ಹಿಡಿದು ನಿಂತಳು. ಉಸಿರು ಕಟ್ಟಿರಬೇಕು, ನಾಲ್ಕು ದಿನ ಮಲಗಿದವಳಲ್ಲವೆ.

೧೪ ಜೂನ್, ಶುಕ್ರವಾರ

ಬೆಂಗಳೂರು. ನಾನೂ ಜೊತೆಗೆ ಬಂದೆ. ರೈಲಿನಲ್ಲಿ ಮದ್ದೂರು ಬರುವ ಹೊತ್ತಿಗೆ ಇಡೀ ಬೋಗಿಗೆ ನಯನಾ ಯಾರೆಂದು ಗೊತ್ತಾಗಿತ್ತು. ಒಬ್ಬ ಮುದುಕ ಅವಳ ಕೈಯಲ್ಲಿ ಮಗುವಿನ ತಲೆ ಮುಟ್ಟಿಸಿಕೊಂಡ. ಅವಳು ಇಡೀ ದಾರಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಾಚಿಕೆ.

೧೫ ಜೂನ್, ಶನಿವಾರ

ಆಟ ಶುರುವಾಗಿ ಇಪ್ಪತ್ತು ನಿಮಿಷ. ಚೆಂಡು ಅವಳ ಹತ್ತಿರ ಇರಲೇ ಇಲ್ಲ. ಹಿಂದಕ್ಕೆ ತಿರುಗಿದಳು, ಅಷ್ಟೇ. ಬಿದ್ದಳು.

ಯಾರೂ ಮುಟ್ಟಲಿಲ್ಲ. ನಾನು ಕಣ್ಣಾರೆ ನೋಡಿದೆ, ಯಾರೂ ಮುಟ್ಟಲಿಲ್ಲ.

೨೦ ಜೂನ್, ಗುರುವಾರ

ಮೈಸೂರಿನ ಮೂಳೆ ಡಾಕ್ಟರು ವಿಜಯ್‌ಕುಮಾರ್ ಎನ್ನುವವರು ಸ್ಕ್ಯಾನ್ ಹಾಳೆಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಮೊಣಕಾಲಿನೊಳಗೆ ಹಗ್ಗದಂಥದ್ದು ಒಂದಿದೆ, ಅದು ಪೂರಾ ಹರಿದಿದೆ. ಮೂಳೆಗಳ ನಡುವೆ ದಿಂಬಿನಂಥದ್ದು ಒಂದಿದೆ, ಅದು ಚಿಂದಿಯಾಗಿದೆ.

"ಹಗ್ಗ ಮೊದಲೇ ಹೋಗಿದೆ, ಒಂದೆರಡು ವಾರದ ಹಿಂದೆ. ಅದಿಲ್ಲದೆ ಓಡಿದ್ದಕ್ಕೆ ದಿಂಬು ಹೋಗಿದೆ" ಎಂದರು. "ಮೊದಲನೇ ಸಲ ಬಿದ್ದಾಗ ಯಾರಿಗೆ ತೋರಿಸಿದ್ರಿ?"

ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಔಷಧಿ ಕಂಪನಿಯದು, ನವಿಲಿನ ಚಿತ್ರ. ನವಿಲಿನ ಬಾಲದಲ್ಲಿ ಹದಿನೇಳು ಕಣ್ಣುಗಳಿದ್ದವು.

"ಯಾರಿಗೂ ತೋರಿಸ್ಲಿಲ್ಲ ಸಾರ್" ಎಂದಳು ನಯನಾ. "ನಾನೇ ಆಡ್ಬುಟ್ಟೆ."

ಹರಳೆಣ್ಣೆಯ ವಿಷಯ ಅವಳಿಗೆ ಮರೆತಿರಬೇಕು. ನೋವಿನಲ್ಲಿ ಮರೆಯುತ್ತದೆ. ಮುಂದಿನ ಗುರುವಾರ ಆಪರೇಷನ್.

೧೨ ಜುಲೈ, ಶುಕ್ರವಾರ

ಮೊದಲನೆಯ ಆಷಾಢ ಶುಕ್ರವಾರ. ನಮ್ಮ ಬೀದಿಯಲ್ಲಿ ಬುದ್ಧ ಪೂರ್ಣಿಮೆಗೆ ದೀಪ ಹಚ್ಚುವವಳೂ ಅಕ್ಕನೇ, ಇವತ್ತು ಮೊಣಕಾಲಿಗೆ ಹರಕೆ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವಳೂ ಅಕ್ಕನೇ. "ಯಾರ್ ಕೇಳುಸ್ಕತಾರೋ ಯಾರಿಗ್ ಗೊತ್ತು, ಇಬ್ರಿಗೂ ಹೇಳ್ಬುಡನ" ಎಂದಳು. ಸಾವಿರ ಮೆಟ್ಟಿಲಿಗೂ ಅರಿಸಿನ ಕುಂಕುಮ ಇಟ್ಟು ಬಂದ ಅವಳ ಬೆರಳುಗಳನ್ನು ನೋಡಲು ಆಗುತ್ತಿರಲಿಲ್ಲ. ಕಾಲಿಗೆ ಬಿಸಿನೀರು ಕೊಟ್ಟೆ.

ಅವಳು ಇಲ್ಲದಾಗ ಇಂದ್ರಮ್ಮ ಸೊಂಟ ಹಿಡಿದುಕೊಂಡು ಬಂದರು. "ನಯನಾ, ಮೂರೇ ಮೂರು ಒದ್ಬುಡವ್ವ. ಎಡಗಾಲ್ ತಾನೆ ಬೇಕು, ಅದೇನ್ ಆಗಿಲ್ವಲ್ಲ" ಎಂದರು.

ನಯನಾ ಮಂಚದ ಮೇಲೆ ಬಲಗಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ಊರುಗೋಲು. "ಎಡಗಾಲಲ್ಲಿ ಒದೀಬೇಕಂದ್ರೆ ಬಲಗಾಲ್ ಮೇಲೆ ನಿಂತ್ಕೋಬೇಕಲ್ವಾ ಆಂಟಿ" ಎಂದಳು.

ಇಂದ್ರಮ್ಮನಿಗೆ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ವಾತಾವರಣ ತಿಳಿ ಮಾಡೋಣವೆಂದು "ಬೇಕಾದ್ರೆ ನಾನ್ ಎತ್ತಿ ಹಿಡ್ಕತೀನಿ, ಚಿಕ್ಕೋಳಿದ್ದಾಗಿನಂಗೆ" ಎಂದೆ. ಯಾರೂ ನಗಲಿಲ್ಲ.

೨೮ ಜುಲೈ, ಭಾನುವಾರ

ಕಾಲು ಎಷ್ಟು ಮಡಚುತ್ತದೆ ಎಂದು ದಿನವೂ ಬರೆದಿಡಲು ವ್ಯಾಯಾಮ ಹೇಳಿಕೊಡುವ ಮೇಡಂ ಹೇಳಿದ್ದಾರೆ. ಸಂತೆಪೇಟೆಗೆ ಹೋಗಿ ಒಂದು ಕಂಪಾಸು ಪೆಟ್ಟಿಗೆ ತಂದೆ. ಕೋನಮಾಪಕ ಇಟ್ಟು ಅಳೆಯುವುದರಲ್ಲಿ ನಮ್ಮ ಶಾಲೆಗೇ ಮೊದಲಿಗ ನಾನು. ನೂರ ಇಪ್ಪತ್ತು ಡಿಗ್ರಿ ಬಂದರೆ ಗೆದ್ದಂತೆ.

ಇವತ್ತು ೬೪.

೩೦ ಜುಲೈ

೬೬.

೪ ಆಗಸ್ಟ್

೭೧. ನೋವು. ಅವಳು ಗೋಡೆಯ ಕಡೆ ನೋಡುತ್ತಾಳೆ, ನಾನು ಕೋನಮಾಪಕದ ಕಡೆ ನೋಡುತ್ತೇನೆ.

೧೧ ಆಗಸ್ಟ್

೭೧.

೧೨ ಆಗಸ್ಟ್

೭೧. ೭೫ ಎಂದು ಹೇಳಿದೆ. "ಸರಿಯಾಗ್ ನೋಡ್ ಮಾವ" ಎಂದಳು. ಸರಿಯಾಗಿ ನೋಡಿದೆ. ೭೧.

೮ ಸೆಪ್ಟೆಂಬರ್, ಭಾನುವಾರ

೯೮.

ಗಣೇಶನ ಹಬ್ಬದ ಮರುದಿನ ದಿವ್ಯ ಕಡುಬು ತಗೊಂಡು ಬಂದಳು. ಬಾಗಿಲಲ್ಲೇ ನಿಂತಳು. ಒಳಗೆ ಬರಲು ಅವಳಿಗೆ ಇಷ್ಟು ಹೊತ್ತು ಯಾಕೆ ಎಂದು ನಾನೇ ಕರೆದೆ. ಅವಳನ್ನು ಇಂಡಿಯಾ ಟೀಮಿಗೆ ತೆಗೆದುಕೊಂಡಿದ್ದಾರಂತೆ. ಸ್ಟಾಪರ್ ಜಾಗಕ್ಕೆ.

ನಯನಾ ಕಡುಬು ತಿಂದಳು. "ಎಡಗಡೆ ಜಾಸ್ತಿ ಹೋಗ್ಬೇಡ, ನೀನ್ ಯಾವಾಗ್ಲೂ ಹೋಗ್ತೀಯ" ಎಂದಳು. ಆಮೇಲೆ ಮಂಚದ ಕೆಳಗಿನಿಂದ ತನ್ನ ಬೂಟು ತೆಗೆಸಿದಳು. ಕ್ಯಾಂಪಿಗೆಂದು ಕೊಂಡದ್ದು, ಅಡಿಯ ಮುಳ್ಳುಗಳಿಗೆ ಇನ್ನೂ ಬೆಂಗಳೂರಿನ ಹುಲ್ಲು ಅಂಟಿತ್ತು. "ಇಬ್ರುದೂ ಒಂದೇ ಸೈಜ್ ಅಲ್ವಾ" ಎಂದಳು.

ದಿವ್ಯ ಅತ್ತಳು. ನಯನಾ ಅಳಲಿಲ್ಲ. ನಾನು ಹಿತ್ತಲಿಗೆ ಹೋಗಿ ಸೌದೆ ಜೋಡಿಸಿದೆ. ನಮ್ಮ ಮನೆಯಲ್ಲಿ ಗ್ಯಾಸ್ ಇದೆ, ಸೌದೆ ಬೇಕಾಗಿಲ್ಲ. ಆದರೂ ಜೋಡಿಸಿದೆ.

೧೯ ಸೆಪ್ಟೆಂಬರ್, ಗುರುವಾರ

ಡಾಕ್ಟರು ಕಾಲನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು. ನಡೆಯಬಹುದು, ನಿಧಾನಕ್ಕೆ ಓಡಲೂಬಹುದು. ಆಟ ಬೇಡ ಎಂದರು. ದಿಂಬು ಉಳಿದಿಲ್ಲ, ಮೂಳೆಗೆ ಮೂಳೆ ತೇಯುತ್ತದೆ, ಮೂವತ್ತೈದಕ್ಕೆ ಕೋಲು ಹಿಡಿಯಬೇಕಾಗುತ್ತದೆ.

"ಹತ್ತು ದಿನ ಮುಂಚೆ ಬಂದಿದ್ರೆ ದಿಂಬು ಉಳೀತಿತ್ತಾ ಸಾರ್?" ಎಂದು ಅಕ್ಕ ಕೇಳಿದಳು. ಅವಳಿಗೆ ಯಾಕೆ ಬೇಕಿತ್ತು ಆ ಪ್ರಶ್ನೆ.

"ಉಳೀತಿತ್ತು" ಎಂದರು.

ಬರುವಾಗ ಆಟೋ ಬೀದಿಯ ತುದಿಯಲ್ಲಿ ನಿಂತಿತು. ಟೀ ಅಂಗಡಿಯ ಮೋಹನ್ "ಏನ್ ಯಜಮಾನ್ರೆ, ನಮ್ ಇಂಡಿಯಾ ಪ್ಲೇಯರ್ ಎಂಗವ್ರೆ?" ಎಂದು ಕೂಗಿದ. ಕೇಳಿಸದವನಂತೆ ಬಂದೆ. ಹದಿನೈದು ದಿನದಿಂದ ಮನೆಯಲ್ಲೇ ಟೀ ಕುಡಿಯುತ್ತಿದ್ದೇನೆ. ಅವನ ಟೀ ಮೊದಲಿನ ಹಾಗಿಲ್ಲ.

೨೭ ಸೆಪ್ಟೆಂಬರ್

ಬರೆಯಲು ಏನೂ ಇಲ್ಲ. ೧೦೪.

೧೮ ಅಕ್ಟೋಬರ್, ಶುಕ್ರವಾರ

ದಸರಾ ಮುಗಿಯಿತು, ದೀಪದ ಸರಗಳನ್ನು ಬಿಚ್ಚುತ್ತಿದ್ದಾರೆ. ನಯನಾ ಈ ಸಲ ಏನನ್ನೂ ನೋಡಲು ಹೋಗಲಿಲ್ಲ.

ಅಕ್ಕ ಕೆಲಸ ಮಾಡುವ ಶಾಲೆಯ ಹೆಡ್‌ಮೇಡಂ ಪ್ರೇಮಮ್ಮನವರು ಮನೆಗೇ ಬಂದಿದ್ದರು. ಡಿಸೆಂಬರಿನಲ್ಲಿ ಶಾಲೆಗಳ ಪಂದ್ಯ ಇದೆ, ಹೆಣ್ಣು ಮಕ್ಕಳ ಟೀಮು ಕಟ್ಟಿದ್ದಾರೆ, ಹೇಳಿಕೊಡುವವರಿಲ್ಲ.

"ನೀವ್ ಬಂದ್ ಒಂದ್ ಕುರ್ಚಿ ಮೇಲೆ ಕೂತ್ಕೊಂಡ್ರೂ ಸಾಕು ನಯನಾ" ಎಂದರು.

"ನಂಗ್ ಆಗಲ್ಲ ಮೇಡಂ. ಬಾಲ್ ನೋಡಕ್ ಆಗಲ್ಲ" ಎಂದು ಎದ್ದು ಒಳಗೆ ಹೋದಳು. ಎದ್ದು ಹೋಗುವುದಕ್ಕೂ ಅವಳಿಗೆ ಅಷ್ಟು ಹೊತ್ತು ಹಿಡಿಯುತ್ತದೆ. ಪ್ರೇಮಮ್ಮ ತಲೆ ತಗ್ಗಿಸಿಕೊಂಡು ಕಾದರು.

ನಾನು "ಸೋಮವಾರದಿಂದ ನಾನೇ ಬರ್ತೀನಿ ಬುಡಿ. ಅವಳನ್ನ ತಯಾರು ಮಾಡ್ದೋನು ಯಾರು ಅಂದ್ಕಂಡಿದ್ದೀರಿ?" ಎಂದುಬಿಟ್ಟೆ. ಬಾಯಿ ತನ್ನ ಪಾಡಿಗೆ ತಾನು ಆಡಿತು.

೨೧ ಅಕ್ಟೋಬರ್, ಸೋಮವಾರ

ಬಿಳಿ ಬೂಟು ಹಾಕಿದೆ, ಕೊರಳಿಗೆ ಸೀಟಿ ಕಟ್ಟಿದೆ. ಹದಿನಾಲ್ಕು ಹುಡುಗಿಯರು. "ಚೆಂಡು ಎಲ್ಲಿದ್ಯೋ ನೀವ್ ಅಲ್ಲಿರ್ಬೇಕು, ನುಗ್ರಿ!" ಎಂದೆ. ನುಗ್ಗಿದರು. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಅಷ್ಟೂ ಜನ ಒಂದೇ ಕಡೆ. ಇಬ್ಬರ ತಲೆ ಡಿಕ್ಕಿಯಾಯಿತು. ಒಬ್ಬಳ ಜಡೆ ಇನ್ನೊಬ್ಬಳ ಬಳೆಗೆ ಸಿಕ್ಕಿಕೊಂಡು ಇಬ್ಬರೂ ಅತ್ತರು.

ಒಬ್ಬಳು ಮಾತ್ರ ಹಿಂದೆ ಕೈಕಟ್ಟಿಕೊಂಡು ನಿಂತಿದ್ದಳು. ತೇಜಸ್ವಿನಿ, ಎಂಟನೆಯ ಕ್ಲಾಸು, ಕಡ್ಡಿಯಂಥ ಕಾಲು. ಅವಳಪ್ಪ ಲಿಂಗಯ್ಯ ಬೋಗಾದಿಯ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಾನೆ.

"ನೀನ್ಯಾಕಮ್ಮ ಓಡಲ್ಲ, ಮದುವಣಗಿತ್ತಿನಾ?" ಎಂದೆ.

"ನಾನ್ಯಾಕ್ ಓಡ್ಲಿ ತಾತ? ಎಂಗೂ ಬಾಲ್ ಇಲ್ಲಿಗೇ ಬತ್ತದೆ" ಎಂದಳು. ತಾತ! ಒಂದು ಸುತ್ತು ಮೈದಾನ ಓಡಿಸಿದೆ.

ಊಟಕ್ಕೆ ಕೂತಾಗ ಇದನ್ನೆಲ್ಲ ಅಭಿನಯ ಮಾಡಿ ತೋರಿಸಿದೆ. ಅಕ್ಕ ನಕ್ಕಳು. ತೇಜಸ್ವಿನಿಯ ಮಾತು ಹೇಳಿದಾಗ ನಯನಾ ತಟ್ಟೆಯಿಂದ ತಲೆ ಎತ್ತಿದಳು.

"ಯಾವ್ ಹುಡ್ಗಿ?"

"ಅದೇ, ಸೋಮಾರಿ."

"ಎಲ್ಲಿ ನಿಂತಿದ್ಲು? ಸರ್ಯಾಗ್ ಹೇಳು."

ಉಪ್ಪಿನ ಡಬ್ಬಿ, ಲೋಟ, ಈರುಳ್ಳಿ ಇಟ್ಟು ತೋರಿಸಿದೆ. ಈರುಳ್ಳಿ ತೇಜಸ್ವಿನಿ. ನಯನಾ ಈರುಳ್ಳಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿ, ಬಹಳ ಹೊತ್ತು ಅದನ್ನೇ ನೋಡಿದಳು. ಮುದ್ದೆ ಆರಿಹೋಯಿತು.

೨೨ ಅಕ್ಟೋಬರ್, ಮಂಗಳವಾರ

ಕೋಲು ಹಿಡಿದುಕೊಂಡು ಬಂದಳು. ನನ್ನ ಕೊರಳಿನಿಂದ ಸೀಟಿ ಬಿಚ್ಚಿಕೊಂಡು, "ಮಾವ, ನೀನ್ ಹೋಗಿ ಗೆರೆ ಹಾಕು" ಎಂದಳು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ನನ್ನ ಗೆರೆ ಎಂದರೆ ದಾರ ಕಟ್ಟಿ ಎಳೆದ ಹಾಗೆ. ಯಾರೂ ಗಮನಿಸಲಿಲ್ಲ.

೧೦ ನವೆಂಬರ್, ಭಾನುವಾರ

ಮೂರು ವಾರದಿಂದ ಬರೆಯಲು ಪುರುಸೊತ್ತಿಲ್ಲ. ಹುಡುಗಿಯರ ಜೊತೆ ಸೇರಿ ನಾನೂ ಈಗ ನಯನಾಳನ್ನು ಕೋಚ್ ಎನ್ನುತ್ತೇನೆ. ಅಕ್ಕನ ಹಳೆಯ ಸೀರೆಯೊಂದನ್ನು ಕೋಚ್ ಕೇಳಿ ಇಸಿದುಕೊಂಡಿದ್ದಾರೆ. ಹಿಂದಿನ ನಾಲ್ಕು ಹುಡುಗಿಯರು ಸೀರೆಯನ್ನು ಉದ್ದಕ್ಕೆ ಹಿಡಿದುಕೊಂಡು ಓಡಬೇಕು, ಚೆಂಡಿಲ್ಲದೆ. ಸೀರೆ ಬಿಗಿದರೆ ಒಬ್ಬಳು ದೂರ ಹೋಗಿದ್ದಾಳೆ ಎಂದು ಅರ್ಥ. ನೆಲಕ್ಕೆ ಜೋತರೆ ಇಬ್ಬರು ಒಂದೇ ಕಡೆ ಬಂದಿದ್ದಾರೆ. ಸೀರೆ ಹರಿದರೆ ಗೋಲು.

"ನೋಡ್ರವ್ವ, ಹಿಂದೆ ನಿಂತೋರ್ಗೆ ಮಾತ್ರ ಎಲ್ಲಾರ್ ಬೆನ್ನೂ ಕಾಣ್ಸುತ್ತೆ. ಅದುಕ್ಕೇ ನೀವ್ ಮಾತಾಡ್ತಾನೇ ಇರ್ಬೇಕು. ಬಾಯ್ ಮುಚ್ಕೊಂಡ್ ಇರೋ ಸ್ಟಾಪರ್ ಯಾತಕ್ಕೂ ಬರಲ್ಲ" ಎಂದರು ಕೋಚ್.

"ನಿಲ್ಲು! ಬುಡು! ನಿಂದು, ನಿಂದು!" ಎಂದು ತೇಜಸ್ವಿನಿ ಕೂಗುತ್ತಾಳೆ. ಆ ಕಡ್ಡಿ ದೇಹದಿಂದ ಅಷ್ಟು ದನಿ.

ಸುಣ್ಣದ ಡಬ್ಬ ಹಿಡಿದು ನಾನು ನೋಡುತ್ತಿರುತ್ತೇನೆ. ಹನ್ನೆರಡು ವರ್ಷ ನಯನಾಳ ಆಟ ನೋಡಿದ್ದೇನೆ ಅಂದುಕೊಂಡಿದ್ದೆ. ಚೆಂಡನ್ನು ನೋಡಿದ್ದೆ, ಅಷ್ಟೇ.

ನಿನ್ನೆ ಮೋಹನ್ ಅಂಗಡಿಗೆ ಹೋಗಿ ಟೀ ಕುಡಿದೆ. "ಎಷ್ಟ್ ಗೋಲ್ ಹೊಡ್ದಿದ್ರು ಅಂದ್ರಿ ನಯನಾ ಮೇಡಮ್ಮು, ನಲವತ್ತಾ?" ಎಂದು ಕೇಳಿದ. ನಾಲ್ಕು ಎಂದೆ.

೧೧ ಡಿಸೆಂಬರ್, ಬುಧವಾರ

ಇದನ್ನು ಬರೆಯಲೇಬೇಕು.

ಶನಿವಾರ ಪಂದ್ಯ. ಇವತ್ತು ಸಂಜೆ ಅಭ್ಯಾಸದಲ್ಲಿ ತೇಜಸ್ವಿನಿ ಚೆಂಡಿನ ಮೇಲೆ ಕಾಲಿಟ್ಟು ಬಿದ್ದಳು. ಕಣಕಾಲು ನೋಡನೋಡುತ್ತಲೇ ಊದಿತು. ಯಾರೋ ಓಡಿಹೋಗಿ ಲಿಂಗಯ್ಯನನ್ನು ಕರೆತಂದರು. ಮೈಯೆಲ್ಲ ಸಿಮೆಂಟು. ಅವನು ಮಗಳ ಹತ್ತಿರ ಹೋಗಲಿಲ್ಲ, ನೇರ ನನ್ನ ಹತ್ತಿರ ಬಂದ.

"ಅಣ್ಣೋ, ನೀವು ಉಳುಕು ತೆಗೀತೀರಂತೆ. ಇಂದ್ರಮ್ಮನೋರ್ ಹೇಳುದ್ರು, ನಿಮ್ ಕೈ ಬಂಗಾರ ಅಂತ. ಒಸಿ ತಗುದ್ಬುಡಿ. ಶನಿವಾರ ಆಡ್ಲಿ ಮಗ."

ಹುಡುಗಿಯೂ ನನ್ನನ್ನೇ ನೋಡಿದಳು. "ತಗೀರಿ ತಾತ, ನಾನ್ ಅಳಲ್ಲ" ಎಂದಳು.

ಕೋಚ್ ಹತ್ತು ಹೆಜ್ಜೆ ದೂರದಲ್ಲಿ ಕೋಲೂರಿ ನಿಂತಿದ್ದರು. ದಿನವಿಡೀ ಮಾತಾಡು ಮಾತಾಡು ಎನ್ನುವವರು, ಆಗ ಒಂದು ಮಾತೂ ಆಡಲಿಲ್ಲ.

ನನ್ನ ಕೈಗಳಿಗೆ ಸುಣ್ಣ ಅಂಟಿತ್ತು. ಅವನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ನನ್ಗೆ ಬರಲ್ಲ ಲಿಂಗಯ್ಯ" ಎಂದೆ.

"ಅಯ್ಯೋ, ಎಲ್ಲಾರ್ಗೂ ಗೊತ್ತು ಬುಡಣ್ಣ..."

"ಬರಲ್ಲ ಕಣಯ್ಯ. ಯಾವತ್ತೂ ಬರ್ತಿರ್ಲಿಲ್ಲ. ಆಟೋ ತಂದ್ಬುಡು, ಎಕ್ಸ್‌ರೇ ತೆಗೆಸನ."

ಹುಡುಗಿಯರೆಲ್ಲ ಇದ್ದರು, ಪ್ರೇಮಮ್ಮನವರೂ ಇದ್ದರು. ಎಲ್ಲರ ಮುಂದೆ ಹೇಳಿದೆ.

ಮೂಳೆಗೆ ಏನೂ ಆಗಿಲ್ಲ, ನರ ಸ್ವಲ್ಪ ಹಿಗ್ಗಿದೆ. ಮೂರು ವಾರ ಕಾಲೂರಬಾರದು. ಆಸ್ಪತ್ರೆಯಲ್ಲಿ ಪಟ್ಟಿ ಸುತ್ತುವಾಗ ಆ ಮಗು ಶನಿವಾರಕ್ಕಾಗಿ ಅತ್ತ ಅಳುವನ್ನು ನಾನು ಬರೆಯಲಾರೆ.

ಅವರನ್ನು ಮನೆಗೆ ಬಿಟ್ಟು ಬರುವಾಗ ಆಟೋದಲ್ಲಿ ನಾವಿಬ್ಬರೇ. ನಾನು ಹೇಳಿದೆ. "ಅವತ್ತು ನಾನ್ ಎಳ್ದೆ ಕಣವ್ವ. ಸ್ಕ್ಯಾನ್ ಬ್ಯಾಡ ಅಂದೋನೂ ನಾನೇ."

"ಗೊತ್ತು ಮಾವ." ನಯನಾ ರಸ್ತೆ ನೋಡುತ್ತಿದ್ದಳು. "ಟಕ್ ಅಂದಾಗ್ಲೇ ಗೊತ್ತಾಯ್ತು ಹೋಗಿಲ್ಲ ಅಂತ."

"ಮತ್ತೆ ಹೋಯ್ತು ಅಂದೆ?"

"ಕ್ಯಾಂಪಿಗೆ ಹೋಗ್ಬೇಕಿತ್ತು. ಉಳುಕು ಅಂತ ಯಾರಾದ್ರೂ ಹೇಳ್ಬೇಕಿತ್ತು ನಂಗೆ. ನೀನ್ ಹೇಳ್ದೆ."

"ಡಾಕ್ಟ್ರು ಕೇಳ್ದಾಗ ಯಾಕ್ ನನ್ ಹೆಸ್ರು ಹೇಳ್ಲಿಲ್ಲ?"

ಆಟೋ ಸಿಗ್ನಲಿನಲ್ಲಿ ನಿಂತಿತು. ಅವಳು ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಸರಿಸಿಕೊಂಡಳು. "ಅಭ್ಯಾಸ. ಹಿಂದೆ ನಿಂತೋಳಲ್ವಾ" ಎಂದಳು. ಆಮೇಲೆ, ನನ್ನ ಕಡೆ ತಿರುಗದೆ, "ಆದ್ರೂ ಒಂದೊಂದ್ ದಿನ ನಿನ್ ಮುಖ ನೋಡಕ್ ಆಗಲ್ಲ ಮಾವ. ಸುಳ್ಳ್ ಯಾಕ್ ಹೇಳ್ಲಿ" ಎಂದಳು.

ಸರಿ ಎಂದೆ.

೧೪ ಡಿಸೆಂಬರ್, ಶನಿವಾರ

೩–೦. ಸೋತೆವು.

ತೇಜಸ್ವಿನಿ ಗೆರೆಯ ಆಚೆ ಕುರ್ಚಿಯ ಮೇಲೆ ಕಾಲು ನೀಡಿ ಕೂತು ಇಡೀ ಆಟ ಕೂಗಿದಳು. ಕೊನೆಗೆ ದನಿ ಬಿದ್ದುಹೋಯಿತು. ಕೋಚ್ ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿಯ ಮೇಲೆ. ಇಬ್ಬರ ಕಾಲೂ ಮುಂದೆ ಚಾಚಿಕೊಂಡಿದ್ದವು.

ಎದುರಾಳಿ ಶಾಲೆಯ ಪಿ.ಟಿ. ಮೇಷ್ಟ್ರು ಪ್ರಸಾದ್ ಎನ್ನುವವರು ನನ್ನ ಹತ್ತಿರ ಬಂದು, "ಸೋತ್ರೂ ನಿಮ್ ಹುಡ್ಗೀರ್ ಹಿಂದಿನ ಸಾಲು ಚೆನ್ನಾಗಿದೆ ಯಜಮಾನ್ರೆ. ಯಾರ್ ತಯಾರ್ ಮಾಡಿದ್ದು?" ಎಂದು ಕೇಳಿದರು.

"ಅಗೋ ಅಲ್ಲಿ ಕೂತವ್ರಲ್ಲ, ಅವರು" ಎಂದೆ.

"ಅವ್ರಿಗೆ ಯಾರ್ ಕಲ್ಸಿದ್ದು?"

"ಅವರಷ್ಟಕ್ಕೆ ಅವರೇ ಕಲಿತ್ರು" ಎಂದೆ.

೧೯ ಜನವರಿ ೨೦೨೫, ಭಾನುವಾರ

ಡೈರಿ ಮುಗಿದು ಹತ್ತೊಂಬತ್ತು ದಿನವಾಯಿತು. ಹಿಂದೆ ವಿಳಾಸ ಬರೆಯಲು ಬಿಟ್ಟ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಬೋರಲು ಮಲಗಿ ಬರೆಯುತ್ತಿರುವುದರಿಂದ ಅಕ್ಷರ ನೆಟ್ಟಗಿಲ್ಲ.

ಶುಕ್ರವಾರ ಸುಣ್ಣದ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಯಾರಿಗೂ ಹೇಳಲಿಲ್ಲ. ನೆಗಡಿ ಎಂದು ಹೇಳಿ ಮಲಗಿದೆ. ನೆಗಡಿ ಬಂದವನು ಮಂಚ ಹಿಡಿದುಕೊಂಡು ಏಳುವುದನ್ನು ಅಕ್ಕ ನೋಡಿಬಿಟ್ಟಳು.

ಬೆಳಗ್ಗೆ ಕೋಚ್ ಬಂದರು. ರೂಮಿನ ಬಾಗಿಲಲ್ಲಿ ನಿಂತು, "ಬೋರಲು ಮಲ್ಕೋ" ಎಂದರು.

"ಬ್ಯಾಡ ಕಣವ್ವ. ಅದೆಲ್ಲ ಸುಳ್ಳು" ಎಂದೆ. "ಅದೂ ಅಲ್ದೆ ನೀನು ಆ ಕಾಲ್ ಮೇಲೆ..."

"ಒದೆಸ್ಕೊಳೋರು ಮಾತಾಡ್ಬಾರ್ದು. ಮಲ್ಕೋ."

ಚಾಪೆ ಹಾಸಿ ಮಲಗಿದೆ. ಅವರು ಕೋಲನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿಸಿತು. ಗೋಡೆ ಹಿಡಿದುಕೊಳ್ಳುತ್ತಾರೆ ಎಂದುಕೊಂಡೆ. ಹಿಡಿದುಕೊಳ್ಳಲಿಲ್ಲ. ಕಣ್ಣಿನ ಓರೆಯಲ್ಲಿ ಆ ಬಲಗಾಲು ಕಾಣುತ್ತಿತ್ತು. ಮೊಣಕಾಲಿನ ಮೇಲೆ ಹೊಲಿಗೆಯ ಗುರುತು, ಪಾದ ನೆಲಕ್ಕೆ ಒತ್ತಿತ್ತು, ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುವ ಹಾಗೆ ಮಡಚಿಕೊಂಡಿದ್ದವು. ಇಡೀ ಕಾಲು ಗಡಗಡ ನಡುಗುತ್ತಿತ್ತು. ಎಡಗಾಲು ನೆಲ ಬಿಟ್ಟಿತು.

ಒಂದು. ನಾಲ್ಕು ವರ್ಷದ ಮಗುವಿನ ಒದೆತದಷ್ಟೂ ಇರಲಿಲ್ಲ. ಎರಡಕ್ಕೆ ಬಹಳ ಹೊತ್ತು ಹಿಡಿಯಿತು. ಅವರ ಉಸಿರು ಕೇಳಿಸುತ್ತಿತ್ತು. ಬೀಳುತ್ತಾರೆ, ಎದ್ದು ಹಿಡಿದುಕೊಳ್ಳಲೇ ಎಂದು ಕೈ ಎತ್ತಿದೆ, ಎತ್ತಿದ ಕೈಯನ್ನು ಮತ್ತೆ ಚಾಪೆಯ ಮೇಲೆ ಇಟ್ಟೆ. ಎತ್ತಿ ಹಿಡಿಯುವ ಕಾಲ ಅಲ್ಲ. ಮೂರು.

"ಹೋಯ್ತಾ?" ಎಂದರು.

ಹೋಯ್ತು ಎನ್ನುವುದು ಬಾಯಿಯವರೆಗೆ ಬಂದಿತ್ತು. ಅರವತ್ತೆರಡು ವರ್ಷದ ಅಭ್ಯಾಸ.

"ಇಲ್ಲ ಕಣವ್ವ" ಎಂದೆ. "ಇನ್ನೂ ಅಂಗೇ ಹಿಡ್ಕಂಡದೆ."

ಕೋಚ್ ಗೋಡೆಗೆ ಒರಗಿ ನಕ್ಕರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಜೂನ್ ತಿಂಗಳಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. "ಹಂಗಾದ್ರೆ ಎದ್ದೇಳು, ಡಾಕ್ಟ್ರ ಹತ್ರ ಹೋಗನ" ಎಂದರು.

ಎಕ್ಸ್‌ರೇ ಮಧ್ಯಾಹ್ನಕ್ಕೆ. ಅಷ್ಟರಲ್ಲಿ ಅಭ್ಯಾಸ ಮುಗಿಸಿ ಬರುತ್ತೇನೆ ಎಂದು ಹೋಗಿದ್ದಾರೆ. ಗೆರೆ ಹಾಕುವವನಿಲ್ಲ, ಹುಡುಗಿಯರ ಚಪ್ಪಲಿಗಳನ್ನೇ ಸಾಲಾಗಿ ಇಡಿಸುತ್ತಾರಂತೆ. ಸೊಂಟದ ನೋವು ಹಾಗೇ ಇದೆ.

ಇದನ್ನು ಮೋಹನ್ ಅಂಗಡಿಯಲ್ಲಿ ಹೇಳುವುದಿಲ್ಲ. ಇಲ್ಲಿ ಮಾತ್ರ ಬರೆದಿಡುತ್ತೇನೆ. ಮೂರಕ್ಕೆ ಮೂರೂ ಸಲ ಆ ಬಲಗಾಲು ನಿಂತಿತು.